ಷಡ್ಡಕರ ಸೃಷ್ಟಿಕಾರ್ಯ

ಮೊಬೈಲು ಇರುವುದು ನೋಡುವುದಕ್ಕೋ ಮಾಡುವುದಕ್ಕೋ ಎಂಬ ಪ್ರಶ್ನೆಯನ್ನು ನಮ್ಮ ಷಡ್ಡಕರ ಮುಂದೆ ಎತ್ತಬೇಡಿ, ಬಡಿಸಿದ ಅನ್ನ ಆರಿಹೋಗುತ್ತದೆ. ಇಂಥವರು ಈಗ ಪ್ರತಿ ಬಳಗದಲ್ಲೂ ಒಬ್ಬರಿದ್ದಾರೆ. ರೀಲ್ಸ್ ನೋಡುವವರನ್ನು ಕಂಡರೆ ಅವರಿಗೆ ಕನಿಕರ. ತಾವು ಮಾತ್ರ ಕ್ರಿಯೇಟರ್. ಧಾರೆಯ ಹೊತ್ತಿಗೆ ವಧೂವರರಿಗೂ ನಮಗೂ ನಡುವೆ ಅಂತರಪಟದಂತೆ ಅವರ ಮೊಬೈಲು. ಪಂಕ್ತಿಯಲ್ಲಂತೂ ಹೋಳಿಗೆಗೆ ತುಪ್ಪ ಬೀಳುವುದನ್ನು ಸ್ಲೋ ಮೋಷನ್‌ನಲ್ಲಿ ಹಿಡಿಯುವ ತನಕ ಬಡಿಸುವವರು ಮುಂದಿನ ಎಲೆಗೆ ಹೋಗುವಂತಿಲ್ಲ.

ಎದುರಾಡಿದರೆ ‘ಟ್ಯಾಂಜರೀನ್’ ಬರುತ್ತದೆ. "2015ರಲ್ಲೇ ಅಮೆರಿಕದವರು ಐಫೋನ್ 5ಎಸ್‌ನಲ್ಲಿ ಇಡೀ ಸಿನಿಮಾ ತೆಗೆದ್ರು, ಗೊತ್ತೇನಯ್ಯಾ?" ಗೊತ್ತು. ಆ ಫೋನಿಗೆ ಬೇರೆ ಲೆನ್ಸ್ ಸಿಕ್ಕಿಸಿದ್ದರು, ಅಲುಗಾಡದಂತೆ ಹಿಡಿಯಲು ಸ್ಟೆಡಿಕ್ಯಾಮ್ ಇಟ್ಟಿದ್ದರು, ಸಂಕಲನಕ್ಕೆ ಕಂಪ್ಯೂಟರೇ ಬೇಕಾಯಿತು ಅನ್ನುವುದೂ ಗೊತ್ತು. ಅದನ್ನು ಹೇಳಹೊರಟಾಗಲೇ ಅವರಿಗೆ ಫೋನ್ ಬರುತ್ತದೆ.

ಅವರ ಮಹತ್ಕಾರ್ಯ ಕಾದಂಬರಿ. 2017ರಲ್ಲಿ ಗೂಗಲ್‌ನವರು ಕನ್ನಡಕ್ಕೂ ಧ್ವನಿ ಟೈಪಿಂಗ್ ಕೊಟ್ಟರಲ್ಲ, ಅದು ಕೊನೆಗೆ ಇವರ ಕೈಗೂ ಬಂತು. ವರಾಂಡದ ಕುರ್ಚಿಯಲ್ಲಿ ಕೂತು ಬಾಯಲ್ಲೇ ಬರೆಯುತ್ತಾರೆ. ಅಧ್ಯಾಯ ಮುಗಿದದ್ದೇ ತಡ, ನನ್ನ ವಾಟ್ಸ್‌ಆ್ಯಪ್‌ಗೆ. ನೀಲಿ ಟಿಕ್ ಬಿತ್ತೋ, "ಹೇಗಿದೆ?" ಸುಲೋಚನಾ ತುಂಗಾತೀರದಲ್ಲಿ ಕಣ್ಣೀರಿಡುವ ಅಧ್ಯಾಯ ನನಗೆ ತಲುಪಿದ್ದು ಹೀಗೆ: "ಸುಲೋಚನಾ ದೂರದ ದೋಣಿಯನ್ನೇ ನೋಡುತ್ತಾ ದಂಟಿನ ಸೊಪ್ಪು ಕಟ್ಟಿಗೆ ಎಷ್ಟಮ್ಮಾ ಇಪ್ಪತ್ತಾ ನಿನ್ನೆ ಹದಿನೈದು ಅಂದೆ ಇದರಲ್ಲಿ ಅರ್ಧ ಬರೀ ಬೇರೇ ಇದೆ ಎಂದು ನಿಟ್ಟುಸಿರಿಟ್ಟಳು ಪೂರ್ಣವಿರಾಮ".

ಗೇಟಿನ ಹತ್ತಿರ ನನ್ನ ಹೆಂಡತಿಯ ಅಕ್ಕ ಸೊಪ್ಪಿನವಳ ಜೊತೆ ಚೌಕಾಸಿಗೆ ನಿಂತಿದ್ದಿರಬೇಕು. ಇಡೀ ಕಾದಂಬರಿಯಲ್ಲಿ ಜೀವವಿದ್ದ ವಾಕ್ಯ ಅದೊಂದೇ. "ಸಂಭಾಷಣೆ ಬಹಳ ಸಹಜವಾಗಿದೆ ಭಾವ" ಎಂದು ಬರೆದೆ.

ಆದರೂ ಪೂರ್ತಿ ನಗುವುದಕ್ಕೆ ಮನಸ್ಸು ಬರುವುದಿಲ್ಲ. ಸರ್ವೀಸಿನುದ್ದಕ್ಕೂ ಬ್ಯಾಂಕಿನ ಲೆಡ್ಜರು ಬರೆದವರು. ರಿಟೈರಾದ ಮೇಲೆ ಕಾದಂಬರಿಗೆಂದೇ ತಂದ ದಪ್ಪ ನೋಟ್‌ಬುಕ್ಕುಗಳಲ್ಲಿ ಮೊದಲ ಪುಟದ ‘ಶ್ರೀ’ ಬಿಟ್ಟರೆ ಬೇರೇನಿಲ್ಲ. ಅಷ್ಟರಲ್ಲಿ ಕೈ ನಡುಗಲು ಶುರುವಾಗಿತ್ತು. ಮೊಬೈಲು ಇಲ್ಲದಿದ್ದರೆ ಸುಲೋಚನಾ ಹುಟ್ಟುತ್ತಲೇ ಇರಲಿಲ್ಲ. ಇತ್ತ ಬರೆಯುವುದಕ್ಕೆಂದೇ ಲ್ಯಾಪ್‌ಟಾಪ್ ಕೊಂಡ ನಾನು ರಾತ್ರಿಯೆಲ್ಲ ಅದರಲ್ಲಿ ಯಾರೋ ದೋಸೆ ಹುಯ್ಯುವುದನ್ನು ನೋಡುತ್ತಿರುತ್ತೇನೆ.

ಕಾದಂಬರಿ ಅಚ್ಚಿಗೆ ಹೋಗುತ್ತಿದೆಯಂತೆ. ಮುನ್ನುಡಿ ನಾನೇ ಬರೆಯಬೇಕಂತೆ. "ಆಗಲಿ ಭಾವ, ಆದರೆ ಆ ಸೊಪ್ಪಿನ ಪ್ರಸಂಗಕ್ಕೆ ಮಾತ್ರ ಕತ್ತರಿ ಹಾಕಬೇಡಿ" ಎಂದೆ.

"ಯಾವ ಸೊಪ್ಪಯ್ಯಾ?" ಎಂದರು.