ಮೆಲ್ಲಗೆ, ಚೆಂಡು ಮಲಗಿದೆ

ಟಿ.ವಿ.ಯಲ್ಲಿ ಗಾಲ್ಫ್ ಕಾಮೆಂಟ್ರಿ ಹೇಳುವಷ್ಟು ಸುಖದ ಉದ್ಯೋಗ ಭೂಲೋಕದಲ್ಲಿ ಇನ್ನೊಂದಿರಲಾರದು. ಚೆಂಡು ಓಡುವುದಕ್ಕಿಂತ ಬಿದ್ದುಕೊಂಡಿರುವ ಹೊತ್ತೇ ಜಾಸ್ತಿ. ಆ ಹೊತ್ತಿಗೂ ಸಂಬಳ ಉಂಟು. ಆಟಗಾರ ಬಗ್ಗಿ ಹುಲ್ಲು ನೋಡುತ್ತಾನೆ. ‘ಈಗ ಅವರು ಹುಲ್ಲು ನೋಡುತ್ತಿದ್ದಾರೆ’ ಎಂದು ಇವರು ಪಿಸುಗುಟ್ಟುತ್ತಾರೆ. ಹಾಗೆ ಪಿಸುಗುಟ್ಟುವವರಲ್ಲಿ ಬಹಳ ಮಂದಿ ಕೂತಿರುವುದು ಎಲ್ಲೋ ದೂರದ ಗಾಜಿನ ಕೋಣೆಯಲ್ಲಿ. ಕಿರುಚಿಕೊಂಡರೂ ಆಟಗಾರನ ಕಿವಿಗೆ ಬೀಳದು. ಬಿಬಿಸಿಯ ಪೀಟರ್ ಅಲಿಸ್ ಹುಟ್ಟಿದ್ದು 1931ರಲ್ಲಿ. 2020ರಲ್ಲಿ ತೀರಿಕೊಳ್ಳುವವರೆಗೂ ಮೈಕ್ ಬಿಡಲಿಲ್ಲ. ನಮ್ಮಲ್ಲಿ ಮೇಷ್ಟ್ರಿಗೆ ಅರವತ್ತಕ್ಕೇ ಶಾಲು ಹೊದಿಸಿ ಮನೆಗೆ ಕಳಿಸುತ್ತೇವೆ.

ಏನು ಹೇಳಬಾರದು ಎಂಬುದೇ ಈ ಕೆಲಸದ ವಿದ್ಯೆ. ಅಮೆರಿಕದ ಆಗಸ್ಟಾ ಕ್ಲಬ್ಬಿನ ಮಾಸ್ಟರ್ಸ್ ಪಂದ್ಯದಲ್ಲಿ, 1966ರಲ್ಲಿ, ಸಿಬಿಎಸ್ ವಾಹಿನಿಯ ಜ್ಯಾಕ್ ವಿಟೇಕರ್ ನೂಕುನುಗ್ಗಲು ಕಂಡು ‘ದೊಂಬಿ’ ಎಂದುಬಿಟ್ಟರು. ವರ್ಷಗಟ್ಟಲೆ ಆ ಪಂದ್ಯಕ್ಕೆ ಅವರ ದನಿ ಬೇಡವಾಯಿತು. 1994ರಲ್ಲಿ ಗ್ಯಾರಿ ಮೆಕಾರ್ಡ್ ಅಲ್ಲಿನ ಹುಲ್ಲಿನ ನುಣುಪು ನೋಡಿ, ಇದು ಕತ್ತರಿಸಿದ್ದಲ್ಲ, ಬಿಕಿನಿ ವ್ಯಾಕ್ಸ್ ಮಾಡಿದ್ದು ಎಂದರು. ಅವರಿಗೂ ಅಲ್ಲಿ ಬಾಗಿಲು ಮುಚ್ಚಿತು. 2000ದಲ್ಲಿ ಅದೇ ಸಿಬಿಎಸ್, ಗಾಲ್ಫ್ ಪ್ರಸಾರಕ್ಕೆ ರೆಕಾರ್ಡು ಮಾಡಿದ ಚಿಲಿಪಿಲಿ ಸೇರಿಸುತ್ತಿದ್ದದ್ದು ಬಯಲಾಯಿತು. ಆ ಸೀಮೆಯಲ್ಲಿ ಇಲ್ಲದ ಹಕ್ಕಿ ಹಾಡುತ್ತಿದೆಯಲ್ಲ ಎಂದು ಹಕ್ಕಿಪ್ರಿಯರು ಹಿಡಿದುಕೊಟ್ಟರು. ಹಕ್ಕಿಗೆ ಮಾತ್ರ ಯಾರೂ ಬಹಿಷ್ಕಾರ ಹಾಕಲಿಲ್ಲ.

ನಮ್ಮ ಬೆಂಗಳೂರು ಗ್ರಾಮಾಂತರಕ್ಕೂ ಗಾಲ್ಫಿನ ಭಾಗ್ಯ ಬಂದಿದೆ. ನಂದಿಬೆಟ್ಟದ ದಾರಿಯಲ್ಲಿ, ದೇವನಹಳ್ಳಿಯ ಕಾರಹಳ್ಳಿ ಬಳಿ 18 ಕುಳಿಯ ಅಂಗಳವಿದೆ. ಕ್ರಿಕೆಟ್ಟೂ ಕಬಡ್ಡಿಯೂ ಟಿ.ವಿ.ಯಲ್ಲಿ ಕನ್ನಡ ಕಲಿತವು. ಗಾಲ್ಫ್ ಇನ್ನೂ ಇಂಗ್ಲಿಷಿನಲ್ಲೇ ಪಿಸುಗುಡುತ್ತಿದೆ. 2021ರ ಆಗಸ್ಟ್ 7ರ ಬೆಳಗ್ಗೆ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್ ಪದಕದ ಹೊಸ್ತಿಲಲ್ಲಿದ್ದಾಗ ನಾವೆಲ್ಲ ಅರ್ಧ ದಿನ ಬರ್ಡಿ, ಬೋಗಿ ಪಂಡಿತರಾಗಿದ್ದೆವು. ಒಂದೇ ಹೊಡೆತದಷ್ಟು ಹಿಂದೆ ಬಿದ್ದು ಅವರು ನಾಲ್ಕನೆಯವರಾದರು. ಸಂಜೆ ನೀರಜ್ ಚೋಪ್ರಾ ಜಾವೆಲಿನ್ ಎಸೆದರು, ನಮ್ಮ ಪಾಂಡಿತ್ಯ ಅದರ ಜೊತೆಗೇ ಹೋಯಿತು.

ಕನ್ನಡ ಕಾಮೆಂಟ್ರಿಗೆ ಜನರಿಲ್ಲವೆ? ಹೊಸಕೋಟೆ, ನೆಲಮಂಗಲದ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಮೈಕ್ ಹಿಡಿಯುವ ಹುಡುಗರು ಬೇಕಾದಷ್ಟಿದ್ದಾರೆ. ಅವರಲ್ಲಿರುವುದು ಒಂದೇ ಐಬು, ಕಂಡದ್ದನ್ನು ಹೇಳುತ್ತಾರೆ. ‘ಬಾಲು ಪಿಳ್ಳಪ್ಪಣ್ಣನ ರಾಗಿ ಹೊಲಕ್ಕೆ ಬಿತ್ತು! ಅಣ್ಣಾ ಬೈಬ್ಯಾಡಿ, ಹುಡುಗ್ರು ಬತ್ತಾವ್ರೆ!’ ಇಂಥವನನ್ನು ಗಾಲ್ಫಿಗೆ ಕೂರಿಸಿದರೆ ಗತಿಯೇನು? ಕ್ಯಾಮೆರಾ ಬೇಲಿಯಾಚೆ ಹೊರಳಿತೋ, ಕೆಟ್ಟಿತು. ‘ಅಗೋ ಕೆರೆ ತುಂಬೈತೆ ನೋಡಿ. ಮಳೆ ನೀರಲ್ಲ ಸಾ, ಹೆಬ್ಬಾಳ-ನಾಗವಾರದ ಕಡೆ ಬೆಂಗಳೂರು ತೊಳ್ಕೊಂಡ ನೀರು. ಎರಡು ಹಂತ ಸೋಸಿ ಬಿಟ್ಟವ್ರೆ, ಮೂರನೇದೂ ಸೋಸಿ ಅಂತ ರೈತ್ರು ಕೇಳ್ತಾನೇ ಅವ್ರೆ. ಆಕಡೆ ಚನ್ನರಾಯಪಟ್ಟಣ ಹೋಬಳಿ. 13 ಹಳ್ಳಿ, 1,777 ಎಕರೆ ಬೇಕು ಅಂದಿದ್ರು ಸರ್ಕಾರದೋರು. ರೈತ್ರು ಮೂರು ವರ್ಷದ ಮೇಲೆ ಧರಣಿ ಕುಂತು, 2025ರ ಜುಲೈನಲ್ಲಿ ಕೈಬಿಡಿಸಿದ್ರು. ಹಾಂ, ಇತ್ಲಾಗೆ ಒಬ್ರು ಹುಲ್ಲು ನೋಡ್ತಾವ್ರೆ...’ ವಿಟೇಕರ್ ಒಂದು ಪದಕ್ಕೆ ಹೋದರು. ಇವನು ಮೊದಲ ಕುಳಿ ದಾಟುವುದಿಲ್ಲ.

ಅಸಲಿಗೆ ಈ ಕೆಲಸಕ್ಕೆ ತಯಾರಾದ ದನಿ ಜಿಲ್ಲೆಯಲ್ಲಿ ಆಗಲೇ ಇದೆ. ಲೇಔಟ್ ಜಾಹೀರಾತುಗಳಲ್ಲಿ ‘ಏರ್‌ಪೋರ್ಟಿಗೆ ಹತ್ತೇ ನಿಮಿಷ’ ಎಂದು ಮೆತ್ತಗೆ ಉಸಿರಾಡುತ್ತದಲ್ಲ, ಅದೇ. ಯಾವ ಹೊತ್ತಿನ, ಯಾವ ಟ್ರಾಫಿಕ್ಕಿನ ಹತ್ತು ನಿಮಿಷ ಎಂದು ಅದು ಹೇಳಿದ್ದಿಲ್ಲ. ರಾಗಿ ಹೊಲವನ್ನು ‘ಹಸಿರಿನ ಮಡಿಲು’ ಎನ್ನುತ್ತದೆ, ಒಂದೂವರೆ ಸಾವಿರ ಅಡಿ ಕೊರೆದರೂ ಧೂಳೆಬ್ಬಿಸುವ ಬೋರ್‌ವೆಲ್ಲಿನ ಮಾತೆತ್ತುವುದಿಲ್ಲ. ಹಿನ್ನೆಲೆಗೆ ಕೋಗಿಲೆಯೂ ರೆಡಿ. ಆಗಸ್ಟಾದವರು ಕೇಳಿದರೆ ಮುಂದಿನ ವಿಮಾನಕ್ಕೇ ಟಿಕೆಟ್ ಕಳಿಸಿಯಾರು.

ಮೈಕ್ ಹುಡುಗನಿಗೂ ಗಾಲ್ಫ್ ಅಂಗಳದಲ್ಲಿ ಕೆಲಸವಿಲ್ಲದಿಲ್ಲ. ಕ್ಯಾಡಿ ಬೇಕೇ ಬೇಕು. ಚೀಲ ಹೊತ್ತು ನಡೆಯಬೇಕು, ಕೇಳಿದರಷ್ಟೇ ಬಾಯಿ ಬಿಡಬೇಕು.