ವಿದ್ಯುದ್ಗವಾಕ್ಷ ಮೀಮಾಂಸೆ

ಏರಿದ ಗಾಜು ಇಳಿಯದಿರುವುದೂ ಇಳಿದ ಗಾಜು ಏರದಿರುವುದೂ ಒಂದೇ ವ್ಯಾಧಿಯ ಎರಡು ಲಕ್ಷಣಗಳೋ, ಪರಸ್ಪರ ಸಂಬಂಧವಿಲ್ಲದ ಎರಡು ವ್ಯಾಧಿಗಳೋ ಎಂಬ ಪ್ರಶ್ನೆಯು ವಯಸ್ಸಾದ ಕಾರುಗಳ ಒಡೆಯರನ್ನೂ, ಅವರಿಂದ ಪೋಷಿತರಾದ ಮೆಕ್ಯಾನಿಕರನ್ನೂ ಬಹುಕಾಲದಿಂದ ಬಾಧಿಸುತ್ತ ಬಂದಿದ್ದರೂ, ವಿದ್ವಜ್ಜನರು ಅದನ್ನು ಶಾಸ್ತ್ರವಿಚಾರಕ್ಕೆ ಯೋಗ್ಯವೆಂದು ಎಣಿಸಿದಂತೆ ಕಾಣುವುದಿಲ್ಲ. ಮೋಕ್ಷದ ಬಾಗಿಲನ್ನು ಕುರಿತು ಓಲೆಗರಿಗಳ ರಾಶಿಯನ್ನೇ ಬಿಟ್ಟುಹೋದ ನಮ್ಮ ಪೂರ್ವಿಕರು ಕಾರಿನ ಬಾಗಿಲಿನ ವಿಷಯದಲ್ಲಿ ಮೌನ ತಾಳಿದುದು ಕ್ಷಮಾರ್ಹ, ಅವರಿಗೆ ಕಾರಿರಲಿಲ್ಲ. ನಮಗೆ ಆ ನೆಪವೂ ಇಲ್ಲ.

ಮೊದಲು ಕಾಲನಿರ್ಣಯ. 1940ರಲ್ಲಿ ಅಮೆರಿಕದ ಪ್ಯಾಕರ್ಡ್ ಕಂಪನಿಯು ತನ್ನ 180 ಎಂಬ ವೈಭವದ ಕಾರಿನಲ್ಲಿ, ದ್ರವದ ಒತ್ತಡದಿಂದ ಏರಿಳಿಯುವ ಗಾಜುಗಳನ್ನು ಅಳವಡಿಸಿದಂದೇ ಈ ಶಾಸ್ತ್ರದ ಬೀಜಾವಾಪವಾಯಿತೆನ್ನಬೇಕು. ನಮ್ಮಲ್ಲಾದರೋ ಅಂಬಾಸಿಡರ್, ಪದ್ಮಿನಿಗಳ ಯುಗದಲ್ಲಿ ಹಿಡಿಕೆಯೇ ಪರಮಪ್ರಮಾಣವಾಗಿತ್ತು. ಕೈ ತಿರುಗಿತು, ಗಾಜು ಇಳಿಯಿತು. ಕರ್ತೃ, ಕರಣ, ಕ್ರಿಯೆಗಳು ಮೂರೂ ಕಣ್ಣೆದುರಿಗೇ ಇದ್ದುದರಿಂದ ವಾದಕ್ಕೆ ಆಸ್ಪದವಿರಲಿಲ್ಲ. ಹಿಡಿಕೆ ಹೋಗಿ ಗುಂಡಿ ಬಂದಿತು. ಕರ್ತೃವು ಬಾಗಿಲಿನೊಳಗೆ ಅಡಗಿಕೊಂಡನು. ಕರ್ತೃವು ಅಗೋಚರನಾದಲ್ಲೆಲ್ಲ ದರ್ಶನಗಳು ಹುಟ್ಟದೆ ಇರುವುದುಂಟೆ?

ಈ ಅಗೋಚರನ ಸ್ವರೂಪವನ್ನು ಸಂಕ್ಷೇಪವಾಗಿ ಹೇಳುವುದಾದರೆ, ಹನ್ನೆರಡು ವೋಲ್ಟಿನ ಒಂದು ಪುಟ್ಟ ಮೋಟರು, ಅದರ ತುದಿಗೆ ಒಂದು ತಿರುಪು, ಆ ತಿರುಪಿಗೆ ಕಚ್ಚಿಕೊಂಡ ಒಂದು ಹಲ್ಲುಗಾಲಿ, ಅದಕ್ಕೆ ಹೊಂದಿಕೊಂಡು ಗಾಜನ್ನು ಎತ್ತುವ, ಗ್ಯಾರೇಜಿನವರು ‘ಮಷೀನು’ ಎಂದು ಕರೆಯುವ ಸಲಕರಣೆ. ಗುಂಡಿಯ ಒಂದು ತುದಿಯನ್ನು ಒತ್ತಿದರೆ ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದು ಗಾಜು ಏರುತ್ತದೆ. ಇನ್ನೊಂದು ತುದಿಯನ್ನು ಒತ್ತಿದರೆ ಪ್ರವಾಹ ತಿರುವುಮುರುವಾಗಿ ಗಾಜು ಇಳಿಯುತ್ತದೆ. ತಿರುಪು ಗಾಲಿಯನ್ನು ತಿರುಗಿಸಬಲ್ಲುದೇ ಹೊರತು ಗಾಲಿಯು ತಿರುಪನ್ನು ತಿರುಗಿಸಲಾರದಾದುದರಿಂದ, ಅರ್ಧಕ್ಕೆ ನಿಂತ ಗಾಜನ್ನು ಅಂಗೈಯಿಂದ ಅದುಮಿ ಇಳಿಸಲೆತ್ನಿಸುವವರ ಭುಜಬಲವೆಲ್ಲವೂ ವ್ಯರ್ಥ.

ಇನ್ನು ಪೂರ್ವಪಕ್ಷ. ದರ್ಶನಗಳಲ್ಲೆಲ್ಲ ಬಹುಸಂಖ್ಯಾತವಾದುದು ಮೋಟರ್‌ವಾದ. ‘ಮೋಟರ್ ಹೋಗಿದೆ ಸಾರ್, ಸೆಟ್ಟೇ ಚೇಂಜ್ ಮಾಡ್ಬೇಕು’ ಎಂಬುದು ಇವರ ಮಹಾವಾಕ್ಯ. ಬಾಗಿಲಿನ ಒಳಹೊದಿಕೆಯಾದ ಡೋರ್ ಪ್ಯಾಡನ್ನು ಬಿಚ್ಚುವ ಮುನ್ನವೇ ಇದನ್ನು ಉಚ್ಚರಿಸುವುದರಿಂದ ಇವರು ಪ್ರತ್ಯಕ್ಷವನ್ನಾಗಲಿ ಅನುಮಾನವನ್ನಾಗಲಿ ಆಶ್ರಯಿಸದ ಶುದ್ಧ ಶಬ್ದಪ್ರಮಾಣವಾದಿಗಳೆಂದು ಸ್ಪಷ್ಟವಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಗಳು ಸಾಲುಸಾಲಾಗಿ ನಿಂತಿರುವ ತನಕ ಈ ದರ್ಶನಕ್ಕೆ ಕ್ಷಯವಿಲ್ಲ. ಏಕೆಂದರೆ ಮೋಟರು ಮಾರಾಟಕ್ಕೆ ದೊರೆಯುತ್ತದೆ, ತರ್ಕ ದೊರೆಯುವುದಿಲ್ಲ.

ಪರ್ವತದ ಮೇಲಿನ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸಿದ ನೈಯಾಯಿಕರ ಮಾರ್ಗವನ್ನು ಹಿಡಿದರೆ ಇವರನ್ನು ಖಂಡಿಸುವುದು ಸುಲಭ. ಎಂಜಿನ್ ನಿಲ್ಲಿಸಿ, ಕೀಲಿಯನ್ನು ಆನ್ ಮಾಡಿ, ಚಾವಣಿಯ ದೀಪವನ್ನು ಹೊತ್ತಿಸಿ, ಜಡವಾದ ಕಿಟಕಿಯ ಗುಂಡಿಯನ್ನು ಒತ್ತಬೇಕು. ದೀಪವು ಕೊಂಚ ಮಂಕಾದರೆ ವಿದ್ಯುತ್ತು ಮೋಟರನ್ನು ಮುಟ್ಟಿದೆ, ಆದರೆ ಏನೋ ಒಂದು ಅದನ್ನು ತಡೆದು ಹಿಡಿದಿದೆ ಎಂದು ತಿಳಿಯತಕ್ಕದ್ದು. ದೀಪವು ಸ್ಥಿತಪ್ರಜ್ಞನಂತೆ ನಿಶ್ಚಲವಾಗಿದ್ದರೆ ಪ್ರವಾಹ ನಡುದಾರಿಯಲ್ಲೆಲ್ಲೋ ಕಡಿದಿದೆ, ಇಲ್ಲವೆ ಮೋಟರಿನೊಳಗಿನ ಇದ್ದಲಿನ ಬ್ರಷ್ಷುಗಳು ಸವೆದಿವೆ. ಎರಡನೆಯ ಸಂದರ್ಭದಲ್ಲಿ ಮಾತ್ರ ಮುಷ್ಟಿಪ್ರಯೋಗ ವಿಹಿತ. ಗುಂಡಿಯನ್ನು ಒತ್ತಿ ಹಿಡಿದು ಬಾಗಿಲಿನ ಮೇಲೆ ಗುದ್ದಿದಾಗ ಗಾಜು ಇಳಿದರೆ, ಆ ಗುದ್ದು ಗಾಜಿಳಿದುದಕ್ಕೆ ಕಾರಣವೇ, ಅಥವಾ ಮಣ್ಣು ಹೊತ್ತು ತಂದರೂ ಮಡಕೆಗೆ ಕಾರಣವೆನಿಸದ ಕುಂಬಾರನ ಕತ್ತೆಯಂತೆ ಕೇವಲ ಅನ್ಯಥಾಸಿದ್ಧವೇ ಎಂದು ಪಂಡಿತರು ಕೇಳಬಹುದು. ನಮ್ಮ ಅಭಿಪ್ರಾಯದಲ್ಲಿ ಗುದ್ದು ನಿಜವಾದ ಕಾರಣ. ಸವೆದ ಬ್ರಷ್ಷು ಆ ಅದುರಿಗೆ ಕ್ಷಣಕಾಲ ತನ್ನ ಸ್ಥಾನವನ್ನು ಮುಟ್ಟುತ್ತದೆ. ಮೋಟರ್‌ವಾದಿಗೆ ಗೆಲುವು ಸಲ್ಲುವುದು ಬಹುಮಟ್ಟಿಗೆ ಇದೊಂದೇ ಪ್ರಸಂಗದಲ್ಲಿ.

ತಂತಿವಾದಿಗಳ ಮತವು ಇದಕ್ಕಿಂತ ಸೂಕ್ಷ್ಮವಾದುದು. ಬಾಗಿಲಿಗೂ ಕಾರಿನ ಕಂಬಕ್ಕೂ ನಡುವೆ ಮಡಿಕೆ ಮಡಿಕೆಯಾದ ಒಂದು ರಬ್ಬರಿನ ಕೊಳವೆಯಿದ್ದು, ತಂತಿಗಳು ಅದರ ಮೂಲಕ ಹಾಯುತ್ತವೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಬಾಗುತ್ತ, ನೆಟ್ಟಗಾಗುತ್ತ, ವರ್ಷಗಳ ತರುವಾಯ ಹೊದಿಕೆ ಅಕ್ಷತವಾಗಿರುವಂತೆಯೇ ಒಳಗಿನ ತಾಮ್ರ ತುಂಡಾಗುತ್ತದೆ. ಗುಂಡಿಯನ್ನು ಒತ್ತಿಕೊಂಡೇ ಬಾಗಿಲನ್ನು ಮೆಲ್ಲಮೆಲ್ಲನೆ ತೆರೆಯುತ್ತ ಹೋದರೆ ಯಾವುದೋ ಒಂದು ಕೋನದಲ್ಲಿ ಗಾಜು ಚಲಿಸುವುದು ಇದರ ಲಿಂಗ. ಸ್ವಿಚ್ಚುವಾದಿಗಳು ಹೇಳುವುದೂ ಸುಳ್ಳಲ್ಲ: ಅನೇಕ ಕಾರುಗಳಲ್ಲಿ ಹಿಂಬಾಗಿಲಿನ ಗುಂಡಿಯು ಸ್ವತಂತ್ರವಲ್ಲ, ಚಾಲಕನ ಬಳಿಯಿರುವ ಮುಖ್ಯ ಸ್ವಿಚ್ಚಿನ ಅನುಗ್ರಹದಿಂದಲೇ ಅದಕ್ಕೆ ಶಕ್ತಿ ಬರುವುದು, ಅಲ್ಲಿ ಕರಿ ಹಿಡಿದರೆ ಇಲ್ಲಿ ಗಾಜು ನಿಲ್ಲುತ್ತದೆ. ಚಾಲಕನು ಒತ್ತಿದಾಗ ಮಾತ್ರ ಇಳಿದು, ಹಿಂದೆ ಕುಳಿತವರು ಒತ್ತಿದಾಗ ಇಳಿಯದಿದ್ದರೆ ಲಾಕಿನ ಗುಂಡಿಯನ್ನು ಯಾವುದೋ ಮಗು ಒತ್ತಿಟ್ಟಿರುವ ಸಂಭವವನ್ನು ಮೊದಲು ನಿವಾರಿಸಿಕೊಳ್ಳುವುದು ವಿವೇಕ. ಈ ಮಾಯೆಗೆ ಸಿಲುಕಿ ಗ್ಯಾರೇಜಿಗೆ ಹೋದ ಗೃಹಸ್ಥರು ಇಲ್ಲದಿಲ್ಲ.

ಇವರೆಲ್ಲರಿಂದ ಹೊರತಾದ ನಿವೃತ್ತಿಮಾರ್ಗವೂ ಒಂದುಂಟು. 2021ರ ಫೆಬ್ರವರಿಯಲ್ಲಿ ಫಾಸ್ಟ್ಯಾಗ್ ಕಡ್ಡಾಯವಾದ ಮೇಲೆ ಟೋಲಿನಲ್ಲಿ ಗಾಜಿಳಿಸುವ ಪ್ರಯೋಜನವೇ ಅಳಿಯಿತೆಂದು ವಾದಿಸುವ ಇವರು, ಗಾಜನ್ನು ಹೇಗೋ ಮೇಲೇರಿಸಿ, ಸಂದಿಗೆ ಮಡಿಸಿದ ರಟ್ಟನ್ನು ತುರುಕಿ, ಜೀವನ್ಮುಕ್ತರಂತೆ ಸಂಚರಿಸುತ್ತಾರೆ. ಪಾರ್ಕಿಂಗ್ ಚೀಟಿಯವನು ಗಾಜು ತಟ್ಟಿದಾಗ ಬಾಗಿಲನ್ನೇ ತೆರೆದು ಒಂದು ಕಾಲನ್ನು ನೆಲಕ್ಕಿಟ್ಟು ಹಣ ಕೊಡುವುದು ಇವರ ಗುರುತು.

ನಮ್ಮ ಸಿದ್ಧಾಂತವು ಘರ್ಷಣವಾದ. ಗಾಜು ಜಾರುವ ಅಂಚಿನ ರಬ್ಬರು ಬಿಸಿಲಿಗೆ ಒಣಗಿ, ಧೂಳನ್ನು ಕುಡಿದು, ಉಪ್ಪುಕಾಗದದಂತೆ ಒರಟಾಗುತ್ತದೆ. ಮೋಟರು ಏದುಸಿರು ಬಿಡುತ್ತ ಎಳೆಯುತ್ತದೆ, ಕಾಯುತ್ತದೆ, ಅದರೊಳಗಿನ ತಾಪರಕ್ಷಕ ಪ್ರವಾಹವನ್ನು ಕಡಿಯುತ್ತದೆ. ಒಡೆಯನು ಮೋಟರು ಸತ್ತಿತೆಂದು ಶೋಕಿಸುತ್ತಿರುವಾಗಲೇ ಅದು ತಣಿದು ಪುನರ್ಜನ್ಮ ಪಡೆಯುತ್ತದೆ. ಇದನ್ನು ಕಂಡೇ ಕೆಲವರು ಕಾರಿಗೆ ದೃಷ್ಟಿ ತೆಗೆಸಿದ್ದು. ಒದ್ದೆ ಬಟ್ಟೆಯನ್ನು ತೆಳ್ಳನೆಯ ಪಟ್ಟಿಗೆ ಸುತ್ತಿ ಆ ರಬ್ಬರಿನ ಕಾಲುವೆಯ ಕೊಳೆಯನ್ನು ತೆಗೆದು, ಒಣಗಿಸಿ, ಸಿಲಿಕೋನ್ ಸ್ಪ್ರೇ ಹೊಡೆದರೆ, ಸತ್ತವೆಂದು ಘೋಷಿತವಾದ ಮೋಟರುಗಳಲ್ಲಿ ಹಲವು ಎದ್ದು ಕೂರುತ್ತವೆ. ಎಂಜಿನ್ ಆಯಿಲನ್ನೋ ಗ್ರೀಸನ್ನೋ ಹಚ್ಚುವವರು ರಬ್ಬರನ್ನು ಉಬ್ಬಿಸಿ, ಧೂಳಿಗೆ ನೆಲೆ ಕಲ್ಪಿಸಿ, ಮೋಟರ್‌ವಾದಿಗಳ ಪರವಾಗಿ ದುಡಿಯುತ್ತಾರೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಡೋರ್ ಪ್ಯಾಡಿನ ಹಿಂದೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ನಿರುಪಯೋಗಿಯೆಂದು ಹರಿದೆಸೆಯುವುದರಲ್ಲಿ ಎಲ್ಲ ದರ್ಶನಗಳವರೂ ಏಕಮತದವರು. ಗಾಜಿನ ಮೇಲಿಂದ ಬಾಗಿಲಿನೊಳಕ್ಕೆ ಇಳಿಯುವ ಮಳೆನೀರನ್ನು ಪ್ಯಾಡಿಗೆ ತಾಗಗೊಡದೆ ತಳದ ತೂತುಗಳತ್ತ ಕಳುಹಿಸುವುದು ಆ ಹಾಳೆಯೇ. ಆದಕಾರಣ ವಾಚಕ ಮಹಾಶಯರು ಯಾವ ಪಂಥದ ಮೆಕ್ಯಾನಿಕನಲ್ಲಿಗೆ ಹೋದರೂ ಸರಿಯೆ, ಆ ತೂತುಗಳ ಕೆಸರನ್ನು ತೆಗೆಸಿ, ಹಾಳೆಯನ್ನು ಮರಳಿ ಅಂಟಿಸುವ ತನಕ ಹಣವನ್ನು ಜೇಬಿನಿಂದ ತೆಗೆಯದಿರಬೇಕಾಗಿ ಪ್ರಾರ್ಥನೆ.