ಭಯ-ಸ್ಥಾನಪಲ್ಲಟ ಮೀಮಾಂಸೆ: ಒಬ್ಬನೇ ಮಗನನ್ನು ಆಧರಿಸಿದ ಮಹಾಪ್ರಬಂಧ

ಶಿಶುಗಳ ಬುದ್ಧಿ ಹೇಗೆ ಬೆಳೆಯುತ್ತದೆ ಎಂಬುದರ ಬಗ್ಗೆ ಸ್ವಿಟ್ಜರ್ಲೆಂಡಿನ ಪಿಯಾಜೆ ಬರೆದ ಗ್ರಂಥಗಳಿಗೆ ಆಧಾರ ಬಹುಪಾಲು ಆತನ ಮೂರು ಮಕ್ಕಳೇ. ನಮಗಿರುವುದು ಒಬ್ಬ. ಆದಕಾರಣ ಈ ಪ್ರಬಂಧದ ತೂಕ ಪಿಯಾಜೆಯ ಮೂರನೇ ಒಂದು ಪಾಲು ಎಂದು ವಿದ್ವಾಂಸರು ಮೊದಲೇ ಲೆಕ್ಕ ಹಾಕಿಕೊಂಡು ಓದಬೇಕು. ಸಂಶೋಧನಾ ಕ್ಷೇತ್ರ: ವಿಶಾಖಪಟ್ಟಣದ ಎಂವಿಪಿ ಕಾಲೊನಿಯ ಬಾಡಿಗೆ ಮನೆ, ಮತ್ತು ವಿಜಯವಾಡದ ಒಂದು ಹಾಸ್ಟೆಲಿನ ಗೇಟು. ಸಹಸಂಶೋಧಕಿ: ಹೆಂಡತಿ. ದತ್ತಾಂಶವೆಲ್ಲ ಆಕೆಯದು, ತೀರ್ಮಾನಗಳು ನನ್ನವು. ಎರಡಕ್ಕೂ ತಾಳೆಯಾಗದ ಕಡೆ ಆಕೆ ಹೇಳಿದ್ದೇ ಸರಿ ಎಂದು ತಿಳಿಯತಕ್ಕದ್ದು.

ಪೂರ್ವಪಕ್ಷ: ಮಗು ಬೆಳೆದ ಹಾಗೆ ಭಯ ಕಡಿಮೆಯಾಗುತ್ತದೆ. ಸಿದ್ಧಾಂತ: ಇಲ್ಲ. ಒಂದು ಮನೆಯ ಭಯದ ಒಟ್ಟು ಮೊತ್ತ ಸ್ಥಿರ. ಅದನ್ನು ಸೃಷ್ಟಿಸಲೂ ಆಗದು, ನಾಶಮಾಡಲೂ ಆಗದು. ಮಗ ಕೆಳಗಿಟ್ಟದ್ದನ್ನು ಅಪ್ಪ ಎತ್ತಿಕೊಳ್ಳುತ್ತಾನೆ. ಎಂಪಿಸಿ (ಗಣಿತ, ಭೌತ, ರಸಾಯನ) ಓದಿದವರಿಗೆ ಇಷ್ಟು ಸಾಕು. ಜೀವಶಾಸ್ತ್ರದ ಬೈಪಿಸಿಯವರಿಗಾಗಿ ಮುಂದೆ ಉದಾಹರಣೆಗಳಿವೆ.

ಮೊದಲನೆಯದು ಗುಮ್ಮಾವಸ್ಥೆ. (ಅರಿಸಮಾಸ ಎಂದು ವೈಯಾಕರಣರು ಮುನಿಯಬಾರದು. ಗುಮ್ಮನಿಗೆ ಸಂಸ್ಕೃತ ಬಾರದು.) ಗುಮ್ಮನನ್ನು ಹಗುರವಾಗಿ ಕಾಣುವಂತಿಲ್ಲ, ಅವನನ್ನು ಕರೆಯಬೇಡವೆಂದು ಸಾಕ್ಷಾತ್ ಕೃಷ್ಣನೇ ಯಶೋದೆಯ ಮುಂದೆ ಗೋಗರೆದದ್ದಕ್ಕೆ ಪುರಂದರದಾಸರ ಕೀರ್ತನೆ ಸಾಕ್ಷಿ. ನಮ್ಮ ಮನೆಯೊಳಗೆ ಗುಮ್ಮ, ಪಕ್ಕದ ತೆಲುಗು ಮನೆಯಲ್ಲಿ ಬೂಚೋಡು. ಎರಡು ಭಾಷೆಯ ನಡುವೆ ಬೆಳೆಯುವ ಕೂಸಿಗೆ ಎರಡು ಪಾಲು ಹೆದರಿಕೆ ಎಂಬುದು ನಮ್ಮ ಊಹೆಯಾಗಿತ್ತು. ಮಗ ಅವರಿಬ್ಬರನ್ನೂ ಜಗಳಕ್ಕೆ ಬಿಟ್ಟ. "ಗುಮ್ಮ ಬಂದ್ರೆ ಬೂಚೋಡು ಹೊಡೀತಾನೆ" ಅಂದು ಅನ್ನ ಉಗುಳಿ ಓಡಿದ. ಅಂದಿನಿಂದ ಊಟ ಮಾಡಿಸುವ ಭಯ ನಮ್ಮ ಪಾಲಿಗೆ ಬಂತು.

ಈ ಅವಸ್ಥೆಯಲ್ಲಿ ಇನ್ನೊಂದು ಸಂಗತಿ ದಾಖಲಾಗಬೇಕು. ಪಕ್ಕದ ಮನೆಯಾಕೆ ಅವನನ್ನು "ಇಲಾ ರಾ ನಾನ್ನಾ" ಎಂದು ಕರೆಯುತ್ತಿದ್ದರು. ನಾನ್ನ ಎಂದರೆ ಅಪ್ಪ. ನಗುವ ಹಾಗಿಲ್ಲ, ನಾವೂ "ಬಾರಪ್ಪಾ" ಅನ್ನುವವರೇ. ಚಡ್ಡಿ ಏರಿಸಿಕೊಳ್ಳಲು ಬಾರದವನನ್ನು ಎರಡೂ ಭಾಷೆಯವರು ಅಪ್ಪನ ಹುದ್ದೆಗೆ ನೇಮಿಸಿಬಿಟ್ಟಿದ್ದಾರೆ. ಅಧಿಕಾರ ವಹಿಸಿಕೊಳ್ಳುವ ದಿನಾಂಕ ಮಾತ್ರ ಆದೇಶದಲ್ಲಿ ನಮೂದಾಗಿಲ್ಲ.

ಎರಡನೆಯದು ಜಲಾಂತರ್ಗಾಮ್ಯವಸ್ಥೆ. ಮಗ ಹುಟ್ಟಿದ 2002ರಲ್ಲೇ ಆರ್.ಕೆ. ಬೀಚಿನಲ್ಲಿ ಐಎನ್‌ಎಸ್ ಕುರ್ಸುರ ವಸ್ತುಸಂಗ್ರಹಾಲಯವಾಗಿ ಬಾಗಿಲು ತೆರೆಯಿತು. ನೌಕಾಪಡೆಯಿಂದ ನಿವೃತ್ತಿಯಾಗಿ ದಡಕ್ಕೆ ಬಂದ, ಸುಮಾರು 91 ಮೀಟರ್ ಉದ್ದದ ಸಬ್‌ಮರೀನು. ಆರನೇ ವಯಸ್ಸಿಗೆ ಅವನನ್ನು ಒಳಗೆ ಕರೆದುಕೊಂಡು ಹೋದೆವು. ದುಂಡು ಬಾಗಿಲುಗಳಲ್ಲಿ ತಲೆ ತಗ್ಗಿಸಿ ನುಸುಳುತ್ತ ಅರ್ಧ ದಾರಿ ಬಂದಾಗ ಅಳು ಶುರುವಾಯಿತು.

"ಇದು ಹೊರಟುಬಿಟ್ರೆ?"

"ನೆಲದ ಮೇಲೆ ನಿಂತಿದೆ ಕಣೋ."

"ಸಮುದ್ರ ಇಲ್ಲಿಗೆ ಬಂದ್ರೆ?"

ಸಮುದ್ರ ಹಾಗೆಲ್ಲ ಬರುವುದಿಲ್ಲ ಎಂದು ವೈಜ್ಞಾನಿಕವಾಗಿ ಸಮಾಧಾನ ಹೇಳಿದೆ. 2014ರ ಅಕ್ಟೋಬರ್ 12ರ ಭಾನುವಾರ ಹುದ್‌ಹುದ್ ಚಂಡಮಾರುತ ಬಂತು. ಹೆಸರು ಕೊಟ್ಟದ್ದು ಒಮಾನ್ ದೇಶ. ಹುದ್‌ಹುದ್ ಅಂದರೆ ನಮ್ಮ ಚಂದ್ರಮುಕುಟ ಹಕ್ಕಿ. ಆ ಹಕ್ಕಿ ಊರಿನ ಮರಗಳನ್ನೆಲ್ಲ ಮಲಗಿಸಿತು, ವಿಮಾನ ನಿಲ್ದಾಣದ ಚಾವಣಿ ಕಿತ್ತಿತು. ನಾನು ಕಿಟಕಿಗೆ ಹಾಸಿಗೆ ಆನಿಸಿ ಹಿಡಿದು ನಡುಗುತ್ತ ನಿಂತಿದ್ದೆ. ನಡುವೆ ಗಾಳಿ ಒಮ್ಮೆಲೇ ಅಡಗಿತು. ಕೈ ಸಡಿಲ ಬಿಡುತ್ತಿದ್ದವನಿಗೆ ಹನ್ನೆರಡರ ಮಗ ಹೇಳಿದ: "ಅಪ್ಪ, ತೆಗೀಬೇಡ. ಇದು ಚಂಡಮಾರುತದ ಕಣ್ಣು. ಇನ್ನರ್ಧ ಬಾಕಿ ಇದೆ, ಆ ಕಡೆಯಿಂದ ಬರುತ್ತೆ." ಬಂತು. ಭಯದ ಮೊದಲ ಸಗಟು ವರ್ಗಾವಣೆ ನಡೆದದ್ದು ಆ ಹಾಸಿಗೆಯ ಹಿಂದೆ.

ಮೂರನೆಯದಾದ ವಿಜಯವಾಡಾವಸ್ಥೆಯೇ ಈ ಗ್ರಂಥದ ಹೃದಯ. ಐದು ವರ್ಷ ಮುದ್ದಿಸು, ಹತ್ತು ವರ್ಷ ದಂಡಿಸು, ಹದಿನಾರಕ್ಕೆ ಕಾಲಿಟ್ಟವನನ್ನು ಗೆಳೆಯನಂತೆ ಕಾಣು ಎಂದು ಹಳೆಯ ಸುಭಾಷಿತ. ಇದಕ್ಕೆ ಆಂಧ್ರದಲ್ಲೊಂದು ಪಾಠಾಂತರ ದೊರೆತಿದೆ: ಹದಿನಾರಕ್ಕೆ ಕಾಲಿಟ್ಟವನನ್ನು ಹಾಸ್ಟೆಲಿಗೆ ಹಾಕು. ಹತ್ತನೇ ತರಗತಿ ಮುಗಿಯುವ ಮೊದಲೇ ವಿಜಯವಾಡದ ಇಂಟರ್ (ನಮ್ಮ ಪಿಯುಸಿ) ಕಾಲೇಜುಗಳ ಪಿಆರ್‌ಓಗಳು ಫೋನು ಮಾಡುತ್ತಾರೆ. "ಮೀ ಬಾಬು ಎಂಪಿಸೀನಾ, ಬೈಪಿಸೀನಾ ಅಂಡಿ?" ನಾನು ಯಾರು ಎಂಬುದೇ ಹರೆಯದ ದೊಡ್ಡ ತೊಳಲಾಟ ಎಂದು 1950ರ ತನ್ನ ಪುಸ್ತಕದಲ್ಲಿ ಮನೋವಿಜ್ಞಾನಿ ಎರಿಕ್‌ಸನ್ ಬರೆದ. ಪಾಪ, ಆತ ವಿಜಯವಾಡ ಕಂಡವನಲ್ಲ. ಇಲ್ಲಿ ಆ ಪ್ರಶ್ನೆಗೆ ಅರ್ಜಿ ಫಾರಮ್ಮಿನಲ್ಲೇ ಎರಡು ಚೌಕಗಳಿವೆ. ವಾಣಿಜ್ಯದ ಸಿಇಸಿ ಎಂಬ ಮೂರನೆಯದೂ ಉಂಟು. ಅದನ್ನು ಹೇಳುವಾಗ ದನಿ ತಗ್ಗಿಸುವುದು ರೂಢಿ.

ಪರಂಪರೆಯ ಬಲವೂ ಊರಿಗಿದೆ. ಅರ್ಜುನ ಪಾಶುಪತಾಸ್ತ್ರಕ್ಕಾಗಿ ತಪಸ್ಸು ಮಾಡಿದ ಇಂದ್ರಕೀಲಾದ್ರಿ, ಕನಕದುರ್ಗೆಯ ಗುಡಿಯಿರುವ ಈ ಬೆಟ್ಟವೇ ಎಂದು ಇಲ್ಲಿಯವರ ನಂಬಿಕೆ. ಒಂಟಿ ಕಾಲು, ನಿರಾಹಾರ, ಕೊನೆಗೆ ಪರೀಕ್ಷಕನೊಂದಿಗೆ ಕುಸ್ತಿ: ಇದನ್ನು 'ಲಾಂಗ್ ಟರ್ಮ್' ಕೋಚಿಂಗ್ ಅಲ್ಲವೆನ್ನಲು ನನ್ನಲ್ಲಿ ಪುರಾವೆಯಿಲ್ಲ.

ಎರಡು ವರ್ಷ ನಾವು ರತ್ನಾಚಲ್ ಎಕ್ಸ್‌ಪ್ರೆಸ್ಸಿನ ಖಾಯಂ ಗಿರಾಕಿಗಳಾದೆವು. ಸುಮಾರು 350 ಕಿಲೋಮೀಟರ್, ಆರು ತಾಸು. ಗೋದಾವರಿ ಸೇತುವೆಯ ಮೇಲೆ ಜನ ನಾಣ್ಯ ಎಸೆಯುತ್ತಾರೆ. ಹೆಂಡತಿ ವಾರದ ಟೆಸ್ಟಿನ ಕಠಿಣತೆ ನೋಡಿ ಒಂದೋ ಐದೋ ನಿರ್ಧರಿಸುತ್ತಿದ್ದಳು. ಏಲೂರು ಬಂದಾಗ ನಾನು, ಇದೆಲ್ಲ ಹಳೆಯ ವೆಂಗಿ ನಾಡು, ಆದಿಕವಿ ಪಂಪನ ಹಿರೀಕರು ಹೊರಟದ್ದು ಇಲ್ಲಿಂದಲೇ ಎನ್ನುತ್ತಿದ್ದೆ. "ಅವರ ಮಕ್ಕಳು ಇಂಟರ್ ಬರೀಲಿಲ್ಲಲ್ರೀ" ಎಂದು ಆಕೆ ಬುತ್ತಿಯ ಗಂಟು ಸರಿಮಾಡುತ್ತಿದ್ದಳು. ಆಕೆ ಜಮಖಂಡಿಯವಳು. ಕೃಷ್ಣೆಯ ಮೇಲೆ ಮಾತ್ರ ಪೂರ್ತಿ ಭರವಸೆ: "ನಮ್ಮೂರ ಹೊಳಿ ನೀರು ಇಲ್ಲಿತನಾ ಬರ್ತದ. ಇವಂಗೇನಾಗ್ತದ?"

ಪಿಯಾಜೆಯ ಒಂದು ಮುಖ್ಯ ಶೋಧವನ್ನು ಇಲ್ಲಿ ತಿದ್ದಬೇಕಾಗಿದೆ. ಗೊಂಬೆಯನ್ನು ಬಟ್ಟೆಯಡಿ ಮುಚ್ಚಿಟ್ಟರೆ ಎಳೆಗೂಸು ಅದು ಇಲ್ಲವೇ ಇಲ್ಲ ಎಂದುಕೊಳ್ಳುತ್ತದೆ. ಕಾಣದಿದ್ದರೂ ವಸ್ತು ಇರುತ್ತದೆ ಎಂಬ ಅರಿವು ಎಂಟು ಒಂಬತ್ತು ತಿಂಗಳಿನ ಹೊತ್ತಿಗೆ ಮೂಡತೊಡಗುತ್ತದೆ ಎಂದಾತ ಕಂಡುಕೊಂಡ. ಸರಿಯೇ. ಆದರೆ ಆ ಅರಿವು ನಲವತ್ತೈದರ ಸುಮಾರಿಗೆ ಮತ್ತೆ ಕಳೆದುಹೋಗುತ್ತದೆ. ಮಗ ಗೇಟಿನೊಳಗೆ ಹೋದೊಡನೆ ಅವನು ಇದ್ದಾನೆ ಎಂಬುದು ನಮಗೆ ತಿಳಿಯದಾಗುತ್ತಿತ್ತು. ಮೊಬೈಲು ನಿಷಿದ್ಧ. ವಾರ್ಡನ್ ಫೋನಿನಿಂದ ಎರಡು ನಿಮಿಷ.

"ಊಟ ಹೇಗಿದೆ?"

"ಪರವಾಗಿಲ್ಲ."

ಈ ಒಂದು ಪದಕ್ಕೆ ಸಹಸಂಶೋಧಕಿ ಬರೆದ ಭಾಷ್ಯ ಮೂಲಕ್ಕಿಂತ ಸಾವಿರ ಪಟ್ಟು ದೊಡ್ಡದು. 'ಪರ'ದ ಮೇಲೆ ಒತ್ತು ಬಿದ್ದರೆ ಸಾರು ನೀರು. 'ಇಲ್ಲ' ಎಳೆದರೆ ಹೊಟ್ಟೆ ಸರಿಯಿಲ್ಲ. ಎರಡೂ ಬೇಗ ಮುಗಿದರೆ ಪಕ್ಕದಲ್ಲಿ ವಾರ್ಡನ್ ನಿಂತಿದ್ದಾರೆ. ದನಿಯೇ ಇಲ್ಲದೆ ಬಂದರೆ ಟೆಸ್ಟಿನಲ್ಲಿ ಅಂಕ ಬಿದ್ದು ಸೆಕ್ಷನ್ ಬದಲಾಗಿದೆ.

ಔಟಿಂಗಿನ ಒಂದು ಭಾನುವಾರ ದುರ್ಗಾ ಘಾಟಿನ ಮೆಟ್ಟಿಲ ಮೇಲೆ ಕೂತು ಮೊಸರನ್ನ ತಿಂದ. ಮಾತಾಡಲಿಲ್ಲ. ವಾಪಸು ಬಿಟ್ಟಾಗ ಗೇಟಿನ ಸರಳು ಹಿಡಿದುಕೊಂಡು, "ಇನ್ನೊಂದು ಸ್ವಲ್ಪ ಹೊತ್ತು ಇರಿ" ಅಂದ. ಈ ದತ್ತಾಂಶವನ್ನು ಕೋಷ್ಟಕದಲ್ಲಿ ಎಲ್ಲಿಗೆ ಸೇರಿಸಬೇಕೆಂದು ತಿಳಿಯದೆ ಹಾಗೇ ಬಿಡಲಾಗಿದೆ.

ನಾಲ್ಕನೆಯ ಅವಸ್ಥೆಗೆ ಇನ್ನೂ ಹೆಸರಿಟ್ಟಿಲ್ಲ. ಮಗನಿಗೆ ಬೆಂಗಳೂರಿನಲ್ಲಿ ನೌಕರಿ. ಕನ್ನಡನಾಡಿಗೆ ಹೋಗಿ ಸೇರಿದ ಎಂದು ನಾನು ಹಿಗ್ಗಿದೆ. ಪಿಜಿಯಲ್ಲಿ ಐವರೂ ತೆಲುಗಿನವರಂತೆ. ದಿನಾ ರಾತ್ರಿ ಒಂಬತ್ತಕ್ಕೆ ಫೋನು ಬರುತ್ತದೆ. ಬಿಪಿ ಮಾತ್ರೆ ನುಂಗಿದ್ಯಾ? ಅಪರಿಚಿತ ನಂಬರಿಗೆ ಓಟಿಪಿ ಹೇಳಿಬಿಟ್ಯಾ? ಊಟ ಹೇಗಿತ್ತು?

"ಪರವಾಗಿಲ್ಲ" ಅಂದೆ.

ಆ ಕಡೆ ಮೌನ. ಯಾವ ಅಕ್ಷರದ ಮೇಲೆ ಒತ್ತು ಬಿತ್ತೆಂದು ಅವನು ಅಳೆಯುತ್ತಿದ್ದನೆಂದು ತೋರುತ್ತದೆ. "ಅಮ್ಮ ಊರಿಗೆ ಹೋಗಿದಾಳೆ ತಾನೆ? ನೀನೇ ಅನ್ನಕ್ಕಿಟ್ಯಾ? ಗ್ಯಾಸ್ ಆಫ್ ಮಾಡಿದ್ಯೇನೋ ನೋಡಪ್ಪಾ."

ಇಂಥ ಪ್ರಶ್ನೆಗಳು ಸಂಶೋಧಕನ ಘನತೆಗೆ ಕುಂದು ತರುತ್ತವೆ ಎಂದು ಬರೆಯುತ್ತಿದ್ದ ವಾಕ್ಯವನ್ನು ಅಲ್ಲಿಗೇ ಬಿಟ್ಟು ಅಡುಗೆಮನೆಗೆ ಹೋಗಿ ನೋಡಿದೆ.

ಮಾಡಿರಲಿಲ್ಲ.